ಅತ್ತಿಗೆಯ ಅಲೆ

ನನ್ನ ಅತ್ತಿಗೆಯ ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಮತ್ತೋಡಿನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ "ಸಮುದ್ರದಾಗೆ ಬಿದ್ದು ಹಿಂಗಾತು" ಎನ್ನುತ್ತಾರೆ. ಅದು ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಪೂರ್ತಿ ನಿಜ ಗೊತ್ತಿದ್ದವರು ಎರಡು ವರ್ಷ ಇಬ್ಬರೇ, ಅತ್ತಿಗೆ ಮತ್ತು ನಾನು. ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅಣ್ಣನಿಗೆ ಮೇಷ್ಟ್ರ ಕೆಲಸ ಸಿಕ್ಕಾಗ ಮೊದಲು ಹಾಕಿದ್ದು ಕರಾವಳಿಯ ಒಂದು ಹಳ್ಳಿಗೆ. ನಮ್ಮ ಕಡೆಯ ಎಷ್ಟೋ ಮೇಷ್ಟ್ರುಗಳು ಹಾಗೆ ಘಟ್ಟ ಇಳಿದು ಹೋಗಿ, ಅಲ್ಲಿಯ ಮಳೆಗೆ ಬೇಸತ್ತು, ವರ್ಗಾವಣೆಗೆ ಅರ್ಜಿ ಹಾಕಿಕೊಂಡು ಕಾಯುತ್ತಾರೆ. ಅಣ್ಣನೂ ಹಾಕಿದ. ಅದು ಕೈಗೂಡುವ ಹೊತ್ತಿಗೆ ಅಲ್ಲಿಯ ಮೀನುಗಾರರ ಮನೆಯ ಹುಡುಗಿಯನ್ನು ಮದುವೆಯಾಗಿದ್ದ. ಅವ್ವ ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದಳು. ಸೊಸೆ ಬಂದು ರಾಗಿಮುದ್ದೆ ತಿರುವುವುದನ್ನು ಕಲಿತ ಮೇಲೆ ಮೆತ್ತಗಾದಳು.

ಅವರು ಊರಿಗೆ ಬಂದ ದಿನ ನಾನು ಮನೆಯಲ್ಲಿದ್ದೆ. ಸಾಮಾನಿನ ಲಾರಿಯಿಂದ ಮಂಚ, ಬೀರು, ಪಾತ್ರೆಯ ಮೂಟೆ ಎಲ್ಲ ಇಳಿದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿದ್ದ ಉದ್ದನೆಯದೊಂದು ಇಳಿಯಿತು. ಅಣ್ಣನಿಗಿಂತ ಎರಡಡಿ ಎತ್ತರ.

"ಏನವ್ವ ಇದು, ಬಾಗ್ಲಾ?" ಎಂದಳು ಅವ್ವ.

"ಅಲ್ಲ ಅತ್ತೆ, ಸರ್ಫ್ ಬೋರ್ಡ್. ಅಲೆ ಮೇಲೆ ಹೋಗ್ಲಿಕ್ಕೆ."

ಅವ್ವ ಸುತ್ತ ಒಂದು ಸಲ ನೋಡಿದಳು. ತೆಂಗಿನ ತೋಟ, ರಾಗಿ ಹೊಲ, ಅದರಾಚೆ ಬೋಳು ಗುಡ್ಡ. "ಇಲ್ಲೆಲ್ಲಿ ಐತವ್ವ ಅಲೆ?" ಎಂದಳು. ಅತ್ತಿಗೆ ಜೋರಾಗಿ ನಕ್ಕರು. ನಾವೂ ನಕ್ಕೆವು. ಆ ಬೋರ್ಡು ಹಿಂದಿನ ಕೋಣೆಯ ಗೋಡೆಗೆ ಒರಗಿ ಕೆಲವು ವರ್ಷ ಹಾಗೇ ನಿಂತಿತ್ತು.

ಅತ್ತಿಗೆ ಶಾಲೆಗೆ ಹೋಗುವಾಗಲೇ ಅಲೆಯಾಟ ಕಲಿತವರು. ಅವರೂರ ಕಡಲತೀರದಲ್ಲಿ ಯಾರೋ ಕಲಿಸಲು ಶುರುಮಾಡಿದಾಗ ಮೊದಲು ನೀರಿಗಿಳಿದ ನಾಲ್ಕೈದು ಹುಡುಗಿಯರಲ್ಲಿ ಇವರೊಬ್ಬರು. ಮದುವೆಯವರೆಗೂ ಬಿಟ್ಟಿರಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ನಾನಾಗಿ ಕೇಳಿದ್ದರಿಂದಲ್ಲ.

ನಾನು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ವಾರವೆಲ್ಲ ಅಲ್ಲಿ ಬಾಡಿಗೆ ಮನೆ, ಶನಿವಾರ ಮಧ್ಯಾಹ್ನ ಹೊಸದುರ್ಗದ ಬಸ್ಸು ಹಿಡಿದು ಊರು. ಕಾಲೇಜಿನಲ್ಲಿ ಕಬಡ್ಡಿ ಆಡಿದವಳು. ಆಗ ಗೆದ್ದ ಕಪ್ಪುಗಳು ಇವತ್ತಿಗೂ ಟಿ.ವಿ. ಪಕ್ಕದಲ್ಲಿವೆ. ಯಾವುದೇ ಆಟದಲ್ಲಿ ನನಗಿಂತ ಇನ್ನೊಬ್ಬರು ಚೆನ್ನಾಗಿ ಆಡಿದರೆ ಅವತ್ತು ನನಗೆ ಊಟ ಸೇರುತ್ತಿರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು.

ಮಾರಿಕಣಿವೆ ಡ್ಯಾಂ ತುಂಬಿ ಕೋಡಿ ಬಿದ್ದ ವರ್ಷ ಇಡೀ ಜಿಲ್ಲೆಯೇ ಹಿರಿಯೂರಿನ ಕಡೆ ಹೊರಟಿತು. ನಾವೂ ಹೋದೆವು. ಜನ ಕೋಡಿಯಲ್ಲಿ ಧುಮುಕುವ ನೀರಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಅತ್ತಿಗೆ ಮಾತ್ರ ಇನ್ನೊಂದು ಕಡೆ ತಿರುಗಿ ನಿಂತಿದ್ದರು. ಅತ್ತ ಗುಡ್ಡಗಳ ನಡುವೆ ಕಣ್ಣು ಹಾಯುವಷ್ಟು ದೂರ ನೀರು. "ಇದು ನಮ್ಮೂರ ಕಡೆ ಎಲ್ಲಿವರೆಗೆ ಬಂದುಂಟು?" ಎಂದು ಅಣ್ಣನನ್ನು ಕೇಳಿದರು. ನಮ್ಮ ಹೋಬಳಿಯ ಹೊಲಗಳ ಅಂಚಿನವರೆಗೂ ಹಿನ್ನೀರು ಬಂದಿದೆ ಎಂದು ಅಣ್ಣ ಹೇಳಿದ. ಮುಂದಿನ ಭಾನುವಾರ ಬೆಳಿಗ್ಗೆ ಅತ್ತಿಗೆ ಬೋರ್ಡಿನ ಧೂಳು ಒರೆಸಿ, ಒಂದು ಲಗೇಜ್ ಆಟೋ ಗೊತ್ತುಮಾಡಿ, ನನ್ನನ್ನು ಎಬ್ಬಿಸಿದರು. "ಬಾ, ಈಜು ಬರ್ತದಲ್ಲ ನಿಂಗೆ. ಒಬ್ಬಳೇ ನೀರಿಗೆ ಇಳೀಬಾರ್ದು."

ಹಾಗೆ ನನ್ನ ಕಲಿಕೆ ಶುರುವಾಯಿತು.

ಹಿನ್ನೀರಿನಲ್ಲಿ ಅಲೆ ಇಲ್ಲ. ಗಾಳಿ ಬಂದರೆ ಬೆರಳೆತ್ತರದ ಸುಕ್ಕು, ಅಷ್ಟೆ. ಆದರೆ ಅಲೆ ಹಿಡಿಯುವುದರಲ್ಲಿ ಮುಕ್ಕಾಲು ಪಾಲು ಕೆಲಸ ಕೈಯದು, ಅದನ್ನು ಕಲಿಯಲು ಇಂಥ ನೀರೇ ಸರಿ ಎಂದರು ಅತ್ತಿಗೆ. ಮೊದಲು ಬೋರ್ಡಿನ ಮೇಲೆ ಬೋರಲು ಮಲಗುವುದು. ಮುಂದೆ ಸರಿದು ಮಲಗಿದರೆ ಬೋರ್ಡಿನ ಮೂತಿ ನೀರಿಗೆ ನುಗ್ಗುತ್ತದೆ. ಹಿಂದೆ ಸರಿದರೆ ಮೂತಿ ಆಕಾಶ ನೋಡುತ್ತದೆ, ಎಷ್ಟು ಕೈ ಹಾಕಿದರೂ ಬೋರ್ಡು ಕದಲುವುದಿಲ್ಲ. ಮೂತಿ ನೀರಿನಿಂದ ಮೂರು ಬೆರಳು ಮೇಲಿರುವ ಜಾಗ ಒಂದೇ. ಅದು ಸಿಕ್ಕಿದ ಮೇಲೆ ಅತ್ತಿಗೆ ನನ್ನ ಗದ್ದದ ಕೆಳಗೆ ಬೋರ್ಡಿನ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೀಟು ಎಳೆದರು. "ಪ್ರತಿ ಸಲ ನಿನ್ನ ಗದ್ದ ಇಲ್ಲಿಗೇ ಬರ್ಬೇಕು."

ಆಮೇಲೆ ಕೈ. ನಾನು ಬಾವಿಯಲ್ಲಿ ಈಜು ಕಲಿತವಳು, ನೀರನ್ನು ಪಟಪಟ ಹೊಡೆಯುತ್ತಿದ್ದೆ. "ನೀರಿಗೆ ಹೊಡಿಬೇಡ ಮಾರಾಯ್ತಿ, ಅದು ನಿಂಗೆ ಎಂತ ಮಾಡಿದೆ?" ಎಂದು ನಗುತ್ತಿದ್ದರು. ಕೈಯನ್ನು ಆದಷ್ಟು ಮುಂದೆ ಚಾಚಬೇಕು. ಬೆರಳ ತುದಿ ಸದ್ದಿಲ್ಲದೆ ನೀರಿಗಿಳಿಯಬೇಕು. ಬೋರ್ಡಿನ ಪಕ್ಕಕ್ಕೇ ಆಳವಾಗಿ ನೀರನ್ನು ಎಳೆದು ತೊಡೆಯ ಹತ್ತಿರ ಬಿಡಬೇಕು. ಕಾಲು ಜೋಡಿಸಿರಬೇಕು, ಎದೆ ಎತ್ತಿರಬೇಕು, ಕಣ್ಣು ದಡದ ಕಡೆ. ದಡದ ಮೇಲೆ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಅರ್ಧ ಗಂಟೆ ಕೋಲೂರಿಕೊಂಡು ನಮ್ಮನ್ನು ನೋಡಿ, ಕೊನೆಗೆ ತಡೆಯಲಾರದೆ ಕೇಳಿದರು.

"ಏನವ್ವ, ಆ ಹಲಿಗೆ ಮ್ಯಾಲೆ ಬೋರಲು ಬಿದ್ಕಂಡು ಎಲ್ಲಿಗೆ ಹೋಗ್ತೀರಿ?"

"ಎಲ್ಲಿಗೂ ಇಲ್ಲ ಅಜ್ಜ, ಅಲ್ಲೀಗಂಟ ಹೋಗಿ ವಾಪಸ್ ಬರೋದು," ಎಂದೆ ನಾನು.

"ವಾಪಸ್ ಬರಾಕೆ ಯಾಕೆ ಹೋಗ್ಬೇಕು?" ಎಂದು ಹೇಳಿ ಅವರು ಕುರಿ ಅಟ್ಟಿಕೊಂಡು ಹೋದರು. ಅತ್ತಿಗೆ ಬೋರ್ಡಿನಿಂದ ಜಾರಿ ನೀರಿಗೆ ಬೀಳುವಷ್ಟು ನಕ್ಕರು. ಆ ಭಾನುವಾರಗಳಲ್ಲಿ ಅವರು ನಕ್ಕಷ್ಟು ನಮ್ಮ ಮನೆಯಲ್ಲಿ ಯಾವತ್ತೂ ನಕ್ಕಿರಲಿಲ್ಲ.

ಸುಸ್ತಾಗಿ ದಡಕ್ಕೆ ಬಂದಾಗ ಜಾಲಿ ಕಡ್ಡಿಯೊಂದನ್ನು ಹಿಡಿದು ಒದ್ದೆ ಮಣ್ಣಿನ ಮೇಲೆ ಅಲೆಯ ಚಿತ್ರ ಬರೆಯುತ್ತಿದ್ದರು. ಅಲೆ ಎಲ್ಲ ಕಡೆ ಒಟ್ಟಿಗೆ ಒಡೆಯುವುದಿಲ್ಲ, ಒಂದು ಜಾಗದಲ್ಲಿ ಮೊದಲು ಎದ್ದು ಒಡೆದು, ಅಲ್ಲಿಂದ ಪಕ್ಕಕ್ಕೆ ಹರಡಿಕೊಂಡು ಹೋಗುತ್ತದೆ. ಆ ಮೊದಲು ಏಳುವ ಜಾಗವನ್ನು ಅವರು ನೆತ್ತಿ ಎಂದು ಕರೆಯುತ್ತಿದ್ದರು. ನೆತ್ತಿಯ ಹತ್ತಿರ ಕೂತವರಿಗೆ ಅಲೆ ಸುಲಭವಾಗಿ ಸಿಗುತ್ತದೆ. ದಡಕ್ಕೆ ಸರಿದು ಕೂತರೆ ಒಡೆದ ನೊರೆ ತಲೆಯ ಮೇಲೆ ಬೀಳುತ್ತದೆ. ದೂರ ಕೂತರೆ ಅಲೆ ಹೊಟ್ಟೆಯ ಕೆಳಗಿನಿಂದ ಸುಮ್ಮನೆ ದಾಟಿ ಹೋಗುತ್ತದೆ. ಇಷ್ಟು ಹೇಳಿ, ಆ ಚಿತ್ರದಲ್ಲಿ ಎರಡು ಬೆಣಚುಕಲ್ಲು ಇಡುತ್ತಿದ್ದರು.

"ಇದು ನಾನು, ನೆತ್ತಿ ಹತ್ತಿರ. ಇದು ನೀನು, ಪಕ್ಕದಲ್ಲಿ. ಇಬ್ಬರೂ ಕೈ ಹಾಕ್ತಾ ಇದ್ದೇವೆ. ಅಲೆ ಯಾರದ್ದು?"

"ಯಾರು ಜೋರಾಗಿ ಕೈ ಹಾಕ್ತಾರೋ ಅವ್ರದ್ದು."

"ಅಲ್ಲ. ನೆತ್ತಿ ಹತ್ತಿರ ಇದ್ದವಳದ್ದು. ನೀನು ಏಳುವ ಮೊದಲು ನೆತ್ತಿ ಕಡೆ ತಿರುಗಿ ನೋಡ್ಬೇಕು. ಯಾರಾದ್ರೂ ಬರ್ತಾ ಇದ್ರೆ ಕೈ ನಿಲ್ಲಿಸ್ಬೇಕು. ಎಷ್ಟೇ ಚಂದದ ಅಲೆ ಆಗ್ಲಿ, ಬಿಟ್ಟುಬಿಡ್ಬೇಕು. ಇದೊಂದು ಮಾತು ನೀನು ಮರೀಬಾರ್ದು."

ನಾನು ಮರೆಯಲಿಲ್ಲ. ಮರೆತಿದ್ದೆ ಎಂದು ಹೇಳುವಂತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮುಂದಿನ ದಸರಾ ರಜೆಯಲ್ಲಿ ಅತ್ತಿಗೆಯ ತವರಿಗೆ ಹೋದೆವು. ನಾನು ಅಷ್ಟು ಹತ್ತಿರದಿಂದ ಸಮುದ್ರ ಕಂಡದ್ದು ಅದೇ ಮೊದಲು. ಅತ್ತಿಗೆ ಕೂಡಲೇ ನೀರಿಗೆ ಬಿಡಲಿಲ್ಲ, ಮರಳಿನ ಮೇಲೆ ಕೂರಿಸಿ ಒಂದು ಗಂಟೆ ನೋಡಲು ಹೇಳಿದರು. ನೊರೆ ಮೊದಲು ಕಾಣುವುದು ಎಲ್ಲಿ, ದೊಡ್ಡ ಅಲೆಗಳು ಎಷ್ಟು ಹೊತ್ತಿಗೊಮ್ಮೆ ಬರುತ್ತವೆ, ಯಾವ ಕಡೆ ನೀರು ಹಿಂದಕ್ಕೆ ಹರಿದು ದಾರಿ ಬಿಡುತ್ತದೆ. ನೀರಿನಲ್ಲಿ ಕೂತಾಗ ಸೆಳೆತ ನಮ್ಮನ್ನು ಗೊತ್ತಾಗದಂತೆ ಜರುಗಿಸುತ್ತದೆಯಾದ್ದರಿಂದ ದಡದ ಎರಡು ಗುರುತು ಇಟ್ಟುಕೊಳ್ಳಬೇಕೆಂದರು. ಬಾಗಿದ ತೆಂಗಿನ ಮರವೊಂದು, ಅದರ ಹಿಂದೆ ಐಸ್ ಫ್ಯಾಕ್ಟರಿಯ ನೀಲಿ ಟ್ಯಾಂಕು. ಎರಡೂ ಒಂದೇ ನೇರಕ್ಕೆ ಬಂದರೆ ನಾವು ಸರಿಯಾದ ಜಾಗದಲ್ಲಿದ್ದೇವೆ ಎಂದರ್ಥ.

ಅವರೂರಿನ ಹುಡುಗಿಯೊಬ್ಬಳಿಂದ ನನಗೂ ಒಂದು ಬೋರ್ಡು ಕೇಳಿ ತಂದುಕೊಟ್ಟರು. ಮೂರು ದಿನ ನನಗೆ ಒಂದು ಅಲೆಯೂ ಸಿಗಲಿಲ್ಲ. ಅಲೆ ಬಂದು ಬೋರ್ಡಿನ ಬಾಲ ಎತ್ತಿದ ಮೇಲೆ ಕೈ ಹಾಕಲು ಶುರುಮಾಡುತ್ತಿದ್ದೆ, ಅಷ್ಟರಲ್ಲಿ ಅದು ದಾಟಿಹೋಗುತ್ತಿತ್ತು. "ಬಸ್ಸು ಹೊರಟ ಮೇಲೆ ಓಡಿದ್ರೆ ಎಂತ ಪ್ರಯೋಜನ? ಅದರ ಜೊತೆಗೇ ಓಡು," ಎಂದು ಕೂಗುತ್ತಿದ್ದರು ಅತ್ತಿಗೆ. ಅಲೆ ದೂರ ಇರುವಾಗಲೇ ತಿರುಗಿ, ವೇಗ ಹಿಡಿದು, ಅದು ಎತ್ತುವ ಹೊತ್ತಿಗೆ ನಾನೂ ಹೆಚ್ಚುಕಡಿಮೆ ಅದರಷ್ಟೇ ಓಡುತ್ತಿರಬೇಕಿತ್ತು. ನಾಲ್ಕನೆಯ ದಿನ ಬಾಲ ಎದ್ದಿತು, ಸಿಕ್ಕಿತು ಎಂದುಕೊಂಡು ಕೈ ನಿಲ್ಲಿಸಿದೆ, ಮತ್ತೆ ತಪ್ಪಿತು. ಅತ್ತಿಗೆ ಹತ್ತಿರ ಬಂದು ಹೇಳಿದರು: "ಸಿಕ್ಕಿತು ಅಂತ ಅನಿಸ್ತದಲ್ಲ, ಆಗ ಗದ್ದ ಕೆಳಗೆ ಒತ್ತಿ ಇನ್ನೂ ಎರಡು ಕೈ ಹಾಕು. ಎಲ್ಲರೂ ಬಿಡುವುದು ಆ ಎರಡು ಕೈಯನ್ನೇ."

ಅವತ್ತು ಸಂಜೆ ಆ ಎರಡು ಕೈ ಹಾಕಿದೆ. ಬೋರ್ಡು ನನ್ನ ಕೆಳಗಿನಿಂದ ತಾನಾಗಿ ಓಡತೊಡಗಿತು. ಎದ್ದು ನಿಂತು, ನಾಲ್ಕು ಮಾರು ಹೋಗಿ ಬಿದ್ದೆ. ಮೇಲೆದ್ದಾಗ ಅತ್ತಿಗೆ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದರು.

ಊರಿಗೆ ಬಂದ ಮೇಲೆ ನಮ್ಮ ಭಾನುವಾರಗಳು ಮುಂದುವರಿದವು. ಅಷ್ಟರಲ್ಲಿ ಅತ್ತಿಗೆಗೆ ಅವರೂರಿನಿಂದ ಫೋನು ಬಂತು. ಬೇಸಿಗೆ ರಜೆಯಲ್ಲಿ ಅಲ್ಲೊಂದು ಸಣ್ಣ ಪಂದ್ಯ. ಅತ್ತಿಗೆಯಂತೆ ಮೊಟ್ಟಮೊದಲು ಕಲಿತ ಹುಡುಗಿಯರಿಗೆಂದೇ ಈ ಸಲ ಒಂದು ಸುತ್ತು ಇಟ್ಟಿದ್ದರು. ಅದು ಮುಗಿದ ಮೇಲೆ ಉಳಿದ ರಜೆಯಲ್ಲಿ ಊರಿನ ಹೆಣ್ಣುಮಕ್ಕಳಿಗೆ ಕಲಿಸಲು ಒಬ್ಬರು ಬೇಕಿತ್ತು, ಅತ್ತಿಗೆಯೇ ಬರಲಿ ಎಂದು ಕೇಳಿದ್ದರು. ಅಣ್ಣ ಮೊದಲು ಮುಖ ಸಿಂಡರಿಸಿ ಆಮೇಲೆ ಒಪ್ಪಿಕೊಂಡ. ಆ ಐದಾರು ತಿಂಗಳು ಅತ್ತಿಗೆ ಒಂದು ಭಾನುವಾರವನ್ನೂ ಬಿಡಲಿಲ್ಲ. ಹಬ್ಬದ ದಿನವೂ ಹೋಳಿಗೆ ಬೇಯಿಸಿಟ್ಟು ಬಂದು ಹಿನ್ನೀರಿಗೆ ಇಳಿದದ್ದು ನೆನಪಿದೆ.

ಪಂದ್ಯಕ್ಕೆ ನಾಲ್ಕು ದಿನ ಮೊದಲು ನಾವಿಬ್ಬರೂ ಹೋದೆವು. ಮುಂಗಾರು ಹತ್ತಿರವಾಗಿತ್ತು, ಅಲೆಗಳು ದಸರೆಯಲ್ಲಿ ಕಂಡದ್ದಕ್ಕಿಂತ ದೊಡ್ಡವು. ಅತ್ತಿಗೆ ನೀರಿನಲ್ಲಿ ಬೇರೆಯೇ ಹೆಂಗಸಾಗುತ್ತಿದ್ದರು. ಅವಸರವಿಲ್ಲ, ಗದ್ದಲವಿಲ್ಲ. ನಾನು ಹತ್ತು ಸಲ ಕೈ ಹಾಕುವಲ್ಲಿ ಅವರು ಮೂರು ಸಲ ಹಾಕುತ್ತಿದ್ದರು. ಎಲ್ಲಿ ಕೂರಬೇಕೋ ಅಲ್ಲಿಯೇ ಕೂತಿರುತ್ತಿದ್ದರಿಂದ ಅಲೆ ತಾನಾಗಿ ಅವರ ಹತ್ತಿರ ಬರುವಂತೆ ಕಾಣುತ್ತಿತ್ತು. ಅಲ್ಲಿಯ ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ಘಟ್ಟದ ಮೇಲಿನಿಂದ ಬಂದ ಪಿ.ಟಿ. ಟೀಚರ್, ಅವರ ಪಕ್ಕದಲ್ಲಿ ಮತ್ತೆ ಮತ್ತೆ ಮುಳುಗಿ ಏಳುವವಳು. ಎರಡು ದಿನ ನಗುತ್ತಾ ಸಹಿಸಿಕೊಂಡೆ. ಮೂರನೆಯ ದಿನ ಬೆಳಿಗ್ಗೆ ತಿಂಡಿ ಸೇರಲಿಲ್ಲ, ಅವರಿಗಿಂತ ಮೊದಲೇ ಬೋರ್ಡು ಹಿಡಿದು ನೀರಿಗಿಳಿದೆ.

ಆ ಬೆಳಿಗ್ಗೆ ನನಗೆ ಒಂದೂ ಸಿಕ್ಕಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ದಿಗಂತದಲ್ಲಿ ಮೂರು ಗೆರೆ ಎದ್ದವು. ಮೊದಲನೆಯದು ದಾಟಿಹೋಯಿತು. ಎರಡನೆಯದು ನನಗಿಂತ ಎಡಕ್ಕೆ, ಅತ್ತಿಗೆ ಕೂತಲ್ಲಿ ನೆತ್ತಿ ಎತ್ತಿತು. ನಾನು ಪಕ್ಕದಲ್ಲಿದ್ದೆ. ಬೋರ್ಡು ತಿರುಗಿಸಿ ಕೈ ಹಾಕಿದೆ. ಬಾಲ ಎದ್ದಿತು. ನೋಡಬೇಕೆಂದು ಗೊತ್ತಿತ್ತು, ನೆತ್ತಿಯ ಕಡೆ ತಿರುಗಿ ನೋಡಿದೆ. ಅತ್ತಿಗೆ ಆಗಲೇ ಎದ್ದು ನಿಂತು ಮೊಣಕಾಲು ಬಗ್ಗಿಸಿ ನನ್ನ ಕಡೆಗೇ ಬರುತ್ತಿದ್ದರು. "ಬಂದೇ, ಬಂದೇ!" ಎಂದು ಕೂಗಿದರು. ಅದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಅಲ್ಲಿ ಕೈ ನಿಲ್ಲಿಸಬೇಕಿತ್ತು. ನಾನು ಗದ್ದ ಒತ್ತಿ ಇನ್ನೆರಡು ಕೈ ಹಾಕಿದೆ.

ಎದ್ದು ನಿಂತೆ. ನನ್ನ ಇಡೀ ಕಲಿಕೆಯಲ್ಲೇ ಅಷ್ಟು ಚೆನ್ನಾಗಿ ಎದ್ದು ನಿಂತದ್ದು ಅದೊಂದೇ ಸಲ. ಅತ್ತಿಗೆಗೆ ತಿರುಗಿಸಲು ಜಾಗವಿರಲಿಲ್ಲ, ನನ್ನನ್ನು ತಪ್ಪಿಸಲು ಬೋರ್ಡು ಬಿಟ್ಟು ಹಾರಿದರು. ಅವರು ಹಾರಿದ್ದನ್ನು ಕಂಡು ನಾನೂ ಆಯ ತಪ್ಪಿ ಬಿದ್ದೆ. ನನ್ನ ಬೋರ್ಡು ಕಾಲಿಗೆ ಕಟ್ಟಿದ್ದ ಹಗ್ಗದ ತುದಿಯವರೆಗೆ ಎಗರಿ ಹಿಂದಕ್ಕೆ ಬಂತು. ಅದೇ ಕ್ಷಣ ಅತ್ತಿಗೆ ನೀರಿನಿಂದ ಮೇಲೆದ್ದರು. ಬೋರ್ಡಿನ ಮೂತಿ ಅವರ ಬಲ ಭುಜಕ್ಕೆ ಬಡಿದ ಸದ್ದು ನೀರಿನ ಗದ್ದಲದಲ್ಲೂ ಕೇಳಿಸಿತು.

ದಡಕ್ಕೆ ಎಳೆದುಕೊಂಡು ಬಂದೆ. ಅತ್ತಿಗೆಯ ಮುಖ ಬಿಳಿಚಿಕೊಂಡಿತ್ತು, ಎಡಗೈಯಿಂದ ಬಲಗೈಯನ್ನು ಹಿಡಿದು ಎದೆಗೆ ಒತ್ತಿಕೊಂಡಿದ್ದರು. ಬಲೆ ಸರಿಮಾಡುತ್ತಿದ್ದ ಅವರ ತಮ್ಮ ಓಡಿಬಂದರು. "ಎಂತ ಆಯ್ತು? ಅಡ್ಡ ಬಂದದ್ದು ಯಾರು?"

ಅಲ್ಲಿ ಏಳೆಂಟು ಜನ ಸೇರಿದ್ದರು. ಅತ್ತಿಗೆ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ನಾನು ನೋಡ್ಲೇ ಇಲ್ಲ. ಅತ್ಗೆನೇ ನನ್ನ ಮ್ಯಾಲೆ ಬಂದ್ರು."

ನೋಡಲಿಲ್ಲ ಎಂಬ ಸುಳ್ಳಷ್ಟೇ ಸಾಕಿತ್ತು. ಎರಡನೆಯ ಮಾತು ಯಾಕೆ ಬಂತೋ. ಅತ್ತಿಗೆ ನನ್ನ ಕಡೆ ನೋಡಿದರು. ಸಿಟ್ಟು ಇರಲಿಲ್ಲ ಆ ನೋಟದಲ್ಲಿ, ನನ್ನ ಗುರುತು ಸಿಗದವರ ಹಾಗೆ ನೋಡಿದರು. ಆಮೇಲೆ ತಮ್ಮನ ಕಡೆ ತಿರುಗಿ, "ಬಿಡು. ಆಸ್ಪತ್ರೆಗೆ ಹೋಗುವ," ಎಂದರು.

ಕೊರಳ ಕೆಳಗಿನ ಅಡ್ಡ ಎಲುಬು ಮುರಿದಿತ್ತು, ಭುಜದೊಳಗೆ ಏನೋ ಹರಿದಿತ್ತು. ಮರುದಿನ ಮಧ್ಯಾಹ್ನ ಅಣ್ಣ ಬಂದ. ಹೆಂಡತಿಯ ಜೋಲಿ ಕಟ್ಟಿದ ಕೈ ನೋಡಿ ಅವನಿಗೆ ಕಣ್ಣಲ್ಲಿ ನೀರು ಬಂತು, ಆ ನೀರು ಹಾಗೇ ಸಿಟ್ಟಾಯಿತು.

"ನಿಂಗೆ ಬೇಕಿತ್ತಾ ಇದು? ನನ್ ತಂಗಿಗೆ ಬಡಿದಿದ್ರೆ ಏನ್ ಗತಿ? ಮುಂದೆ ಯಾರು ಅವ್ರೆ ಅಂತ ನೋಡ್ದಂಗೆ ನುಗ್ಗೋದಾ?"

ನಾನು ಹಾಸಿಗೆಯ ಆ ಪಕ್ಕದಲ್ಲೇ ಕುರ್ಚಿಯ ಮೇಲೆ ಕೂತಿದ್ದೆ. ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಪಂದ್ಯ ಅವರಿಲ್ಲದೆ ನಡೆಯಿತು. ಹುಡುಗಿಯರಿಗೆ ಕಲಿಸಲು ಬೇರೆ ಯಾರೋ ಬಂದರಂತೆ.

ಊರಿಗೆ ಬಂದ ಮೇಲೆ ಅಣ್ಣ ಬೋರ್ಡನ್ನು ಕುರಿದೊಡ್ಡಿಯ ತಗಡಿನ ಕೆಳಗೆ ಅಡ್ಡಗಳುವಿನ ಮೇಲೆ ಹಾಕಿದ. ಎಲುಬು ಕೂಡಿತು. ಭುಜ ಮಾತ್ರ ಬಿಗಿದುಕೊಂಡಿತು. ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಮುದ್ದೆ ತಿರುವಲು ಎರಡೂ ತೋಳಿನ ಬಲ ಬೇಕು. ಅವ್ವನಿಗೆ ವಯಸ್ಸಾಗಿತ್ತು, ಹಾಗಾಗಿ ಅಣ್ಣನೇ ಶಾಲೆಯಿಂದ ಬಂದು ಕೋಲು ಹಿಡಿಯುತ್ತಿದ್ದ. ಹಿಡಿದಾಗಲೆಲ್ಲ ಒಂದು ಮಾತು. "ನಿನ್ನ ಹಲಿಗೆ ಆಟಕ್ಕೆ ನಾನು ಕೋಲು ತಿರುವ್ಬೇಕಾಗೈತೆ." ಬಂದ ನೆಂಟರ ಮುಂದೆಯೂ ಅದೇ. "ನಮ್ಮನೆಯವ್ಳು ಸಮುದ್ರದಾಗೆ ತಂಗೀನ ಸಾಯಿಸ್ತಿದ್ಲು, ಸ್ವಲ್ಪದ್ರಾಗೆ ತಪ್ಪೈತೆ." ಅವನು ಕೆಟ್ಟವನಲ್ಲ. ನನ್ನ ಮಾತನ್ನು ನಂಬಿದ್ದ, ಅಷ್ಟೆ.

ಪ್ರತಿ ಶನಿವಾರ ಬಸ್ಸಿನಲ್ಲಿ ಬರುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಮನೆಗೆ ಬಂದರೆ ಅತ್ತಿಗೆ "ಬಾ, ಕಾಫಿ ಕುಡಿ," ಎನ್ನುತ್ತಿದ್ದರು. ಅವರ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆದು ಕೊಡುತ್ತಿದ್ದೆ, ಬಟ್ಟೆ ಒಗೆದು ಹಾಕುತ್ತಿದ್ದೆ. "ನೋಡು, ನಾದಿನಿ ಅಂದ್ರೆ ಹಿಂಗಿರ್ಬೇಕು," ಎಂದು ಪಕ್ಕದ ಮನೆಯವರು ಹೇಳಿದರೆ ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಹೀಗೆ ಒಂದು ವರ್ಷ ಹೋಯಿತು, ಇನ್ನೊಂದೂ ಹೋಯಿತು.

ಭುಜಕ್ಕೆ ವ್ಯಾಯಾಮ ಮಾಡಿಸಲು ಚಿತ್ರದುರ್ಗದ ಆಸ್ಪತ್ರೆಯೊಂದಕ್ಕೆ ಹದಿನೈದು ದಿನಕ್ಕೊಮ್ಮೆ ಹೋಗಬೇಕಿತ್ತು. ಅತ್ತಿಗೆ ಹೊಸದುರ್ಗದಿಂದ ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿನಲ್ಲಿ ಚೀಲ ಇಟ್ಟುಕೊಂಡಿರುತ್ತಿದ್ದರು, ಹೊಳಲ್ಕೆರೆಯಲ್ಲಿ ನಾನು ಹತ್ತಿ ಅಲ್ಲಿ ಕೂರುತ್ತಿದ್ದೆ. ಅಂಥ ಒಂದು ದಿನ ಬಸ್ಸು ಹೊಳಲ್ಕೆರೆ ಬಿಟ್ಟು ಸ್ವಲ್ಪ ದೂರ ಹೋಗಿತ್ತು. ಕಂಡಕ್ಟರ್ ಟಿಕೆಟ್ ಕೊಟ್ಟು ಹಿಂದೆ ಹೋದರು. ಅತ್ತಿಗೆ ಬಲಗೈಯನ್ನು ಮುಂದಿನ ಸೀಟಿನ ಸರಳಿನ ಮೇಲೆ ಇಡಲು ಹೋಗಿ, ನೋವಾಗಿ ಕೆಳಗಿಳಿಸಿದರು. ನನಗೆ ತಡೆಯಲಾಗಲಿಲ್ಲ.

"ಅತ್ಗೆ, ಅವತ್ತು ನಾನು ನಿಮ್ಮನ್ನ ನೋಡಿದ್ದೆ."

ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು. "ಗೊತ್ತುಂಟು," ಎಂದರು.

"ಕೂಗಿದ್ದೂ ಕೇಳಿಸ್ತು."

"ಅದೂ ಗೊತ್ತುಂಟು. ನೀನು ತಿರುಗಿದಾಗ ನಮ್ಮಿಬ್ಬರ ಕಣ್ಣು ಕೂಡಿತ್ತು ಮಾರಾಯ್ತಿ. ಆಮೇಲೆ ನೀನು ಎರಡು ಕೈ ಹಾಕಿದ್ದು. ನಾನೇ ಹೇಳಿಕೊಟ್ಟದ್ದಲ್ವಾ, ನನಗೆ ಗೊತ್ತಾಗ್ಲಿಕ್ಕಿಲ್ವಾ?"

ನನಗೆ ಅಳು ಬಂತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಕಣ್ಣೊರೆಸಿಕೊಂಡು ಕೇಳಿದೆ, "ಮತ್ತೆ ಅಣ್ಣಂಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಹೊರಗಿಂದ ಬಂದ ಸೊಸೆ ನಾನು. ನಾದಿನಿ ಮೇಲೆ ಹಾಕ್ತಾಳೆ ಅಂತ ಆಗ್ತಿತ್ತು. ನೀನೇ ಹೇಳ್ತಿ ಅಂತ ಕಾದೆ. ಒಂದು ವಾರದಲ್ಲಿ ಹೇಳ್ತಿ ಅಂದ್ಕೊಂಡೆ. ಆಮೇಲೆ ದೀಪಾವಳಿಗೆ ಹೇಳ್ತಿ ಅಂದ್ಕೊಂಡೆ. ಆಮೇಲೆ ಕಾಯುವುದು ಬಿಟ್ಟೆ."

ಚಿತ್ರದುರ್ಗದ ಕೋಟೆಯ ಬಂಡೆಗಳು ಕಂಡವು. ಇಳಿಯುವಾಗ ಅವರ ಚೀಲ ತೆಗೆದುಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ, ಎಡಗೈಯಲ್ಲಿ ತಾವೇ ಹಿಡಿದುಕೊಂಡರು.

ಆ ಭಾನುವಾರ ಊರಿಗೆ ಹೋದೆ. ಅಣ್ಣ ನಡುಮನೆಯಲ್ಲಿ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದ. ಅವ್ವ ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದಳು. ಅಡುಗೆಮನೆಯಲ್ಲಿ ಅತ್ತಿಗೆ.

"ಅಣ್ಣ, ಅವತ್ತು ಸಮುದ್ರದಾಗೆ ತಪ್ಪು ಅತ್ಗೇದಲ್ಲ. ನಂದು."

ಎಲ್ಲವನ್ನೂ ಹೇಳಿದೆ. ಅವನು ಕೆಂಪು ಪೆನ್ನಿನ ಮುಚ್ಚಳ ಹಾಕಿದ.

"ಅವಳು ಬರೋದು ನೋಡಿದ್ಯಾ?"

"ನೋಡಿದ್ದೆ."

"ನೋಡಿನೂ ಹೋದ್ಯಾ?"

"ಹ್ಞೂ."

"ಹೋಗ್ಲಿ ಬಿಡಪ್ಪ, ಬೇಕಂತ ಮಾಡ್ಯಾಳಾ?" ಎಂದಳು ಅವ್ವ.

"ಬೇಕಂತಾನೇ ಮಾಡಿದ್ದು ಅಂತ ಅವಳೇ ಹೇಳಾಕ್ ಹತ್ಯಾಳಲ್ಲವ್ವ." ಅವನು ಬಹಳ ಹೊತ್ತು ಅಡುಗೆಮನೆಯ ಬಾಗಿಲನ್ನೇ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು. "ಎರಡು ವರ್ಷದಿಂದ ನಾನು ಅವಳಿಗೆ ಏನೇನ್ ಅಂದೀನಿ ಗೊತ್ತೈತಾ ನಿಂಗೆ? ನೆಂಟ್ರ ಮುಂದೆಲ್ಲ ಅಂದೀನಿ. ನೀನು ಎದುರಿಗೇ ಕುಂತಿದ್ಯಲ್ಲೇ."

ಎದ್ದು ಒಳಗೆ ಹೋದ. ನಾನು ಸ್ವಲ್ಪ ಹೊತ್ತು ಅವ್ವನ ಜೊತೆ ಅವರೆಕಾಯಿ ಸುಲಿದು, ಮಧ್ಯಾಹ್ನದ ಬಸ್ಸಿಗೇ ಹೊರಟೆ.

ಎರಡು ವಾರ ಕಳೆದು ಅವ್ವ ಫೋನು ಮಾಡಿದಳು. ಅಣ್ಣ ಬೋರ್ಡನ್ನು ದೊಡ್ಡಿಯಿಂದ ಇಳಿಸಿ ತೊಳೆದಿದ್ದಾನೆ, ಭಾನುವಾರ ಹಿನ್ನೀರಿಗೆ ಕರೆದುಕೊಂಡು ಹೋಗುತ್ತಾನಂತೆ, ನೀನೂ ಬಾ ಎಂದಳು. ಹೋದೆ. ಆ ವರ್ಷ ನೀರು ಸ್ವಲ್ಪ ಇಳಿದಿತ್ತು, ಮುಳುಗಿದ್ದ ಜಾಲಿ ಗಿಡಗಳ ತುದಿ ಕಾಣುತ್ತಿತ್ತು. ಅಣ್ಣ ಸೊಂಟದವರೆಗೆ ನೀರಿಗಿಳಿದು ಬೋರ್ಡು ಹಿಡಿದುಕೊಂಡ. ಅತ್ತಿಗೆ ಅದರ ಮೇಲೆ ಮಲಗಿದರು, ಒಂದೇ ಸಲಕ್ಕೆ ಸರಿಯಾದ ಜಾಗಕ್ಕೆ. ಎಡಗೈ ಮೊದಲಿನಂತೆಯೇ ಸದ್ದಿಲ್ಲದೆ ಮುಂದೆ ಹೋಗಿ ನೀರು ಎಳೆಯಿತು. ಬಲಗೈ ಮುಂದಕ್ಕೆ ಚಾಚಲಾಗಲಿಲ್ಲ. ಎಡಗೈಯೊಂದೇ ಎಳೆದದ್ದರಿಂದ ಬೋರ್ಡು ಬಲಕ್ಕೆ ತಿರುಗಿತು. ಮತ್ತೆ ಎಳೆದರು, ಮತ್ತೆ ತಿರುಗಿತು. ನಾಲ್ಕೈದು ಸಲ ಪ್ರಯತ್ನಿಸಿ ಇಳಿದು ನಡೆದುಕೊಂಡು ದಡಕ್ಕೆ ಬಂದರು.

"ಆಗುದಿಲ್ಲ," ಎಂದರು, ಅಣ್ಣನಿಗೆ.

"ಇನ್ನೊಂದಿಷ್ಟು ದಿನ ವ್ಯಾಯಾಮ ಮಾಡಿದ್ರೆ ಬರ್ತೈತೆ," ಎಂದ ಅವನು.

"ನೋಡುವ."

ನಾನು ಟವೆಲ್ ಹಿಡಿದು ನಿಂತಿದ್ದೆ. ತೆಗೆದುಕೊಂಡು ತಲೆ ಒರೆಸಿಕೊಂಡರು. ನನ್ನ ಮೇಲೆ ಅವರು ಒಂದು ದಿನವೂ ರೇಗಲಿಲ್ಲ, ಇವತ್ತಿಗೂ ರೇಗಿಲ್ಲ. ಆದರೆ ಹಿನ್ನೀರಿನ ದಡದಲ್ಲಿ ನನ್ನ ಜೊತೆ ನಕ್ಕ ಹಾಗೆ ಆಮೇಲೆ ಯಾವತ್ತೂ ನಗಲಿಲ್ಲ. ಅಣ್ಣ ನನ್ನನ್ನು ಏನೇ, ಬಾರೇ ಎಂದು ಕರೆಯುವುದನ್ನು ಬಿಟ್ಟ. ಈಗ ಮಾತಾಡಿಸುವಾಗ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಾನೆ. ನಾನು ಮತ್ತೆ ಯಾವ ಬೋರ್ಡನ್ನೂ ಹತ್ತಿಲ್ಲ. ಅದೇನು ದೊಡ್ಡ ತ್ಯಾಗವಲ್ಲ, ಕಲಿಸಿದವರು ಜೊತೆಗಿಲ್ಲದೆ ಹೋಗಲು ಮನಸ್ಸಿಲ್ಲ.

ಹೋದ ಬೇಸಿಗೆಯಲ್ಲಿ ಅಣ್ಣ ಅತ್ತಿಗೆ ಇಬ್ಬರೇ ತವರಿಗೆ ಹೋಗಿ ಹದಿನೈದು ದಿನ ಇದ್ದು ಬಂದರು. ನನ್ನನ್ನು ಕರೆದಿರಲಿಲ್ಲ. ವಾಪಸಾದ ಮೇಲೆ ನಾನೇ ಫೋನು ಮಾಡಿ, "ಹೆಂಗಿತ್ತು ಅತ್ಗೆ ಸಮುದ್ರ?" ಎಂದೆ.

"ಒಳ್ಳೇದಿತ್ತು. ನಿಮ್ಮಣ್ಣ ಪ್ಯಾಂಟು ಮಡಚಿ ಮೊಣಕಾಲಿನವರೆಗೆ ಇಳಿದ್ರು. ಒಬ್ಬಳು ಹುಡುಗಿ ತುಂಬಾ ದಡಕ್ಕೆ ಕೂತಿದ್ದಳು, ಎಲ್ಲ ಅಲೆ ತಲೆ ಮೇಲೆ. ಇನ್ನೂ ಹಿಂದೆ ಹೋಗು ಅಂತ ದಡದಿಂದಲೇ ಕೂಗಿದೆ. ಹೋದಳು. ಎರಡನೇದ್ದೇ ಸಿಕ್ಕಿತು ಅವಳಿಗೆ." ಹೇಳುವಾಗ ಅವರ ದನಿ ಸ್ವಲ್ಪ ಮೇಲೇರಿತ್ತು.

"ಮುಂದಿನ ಸಲ ನಾನೂ ಬರ್ಲಾ ಅತ್ಗೆ?"

ಆ ಕಡೆ ಪಾತ್ರೆ ಇಟ್ಟ ಸದ್ದು ಕೇಳಿತು.

"ನೋಡುವ," ಎಂದರು.

ಅವರ ಕಡೆ ಆ ಮಾತಿಗೆ ಆಗಲಿ ಎಂದೂ ಅರ್ಥ, ಬೇಡ ಎಂದೂ ಅರ್ಥ. ಯಾವುದೆಂದು ನಾನು ಮತ್ತೆ ಕೇಳಿಲ್ಲ.